ಹಳೆಯ ಚೈನ್ ಗರಗಸವನ್ನು ಕೊಳ್ಳುವ ಮುನ್ನ



ಗಾಳಿಮಳೆಗೆ ತೋಟದಲ್ಲಿ ಉರುಳಿದ ಮರವನ್ನು ತುಂಡು ಮಾಡಲು ಜನ ಸಿಗದೆ ವಾರಗಟ್ಟಲೆ ಕಾದವರು ನಿಮ್ಮಲ್ಲಿ ಹಲವರುಂಟು. ಹೊಸ ಚೈನ್ ಗರಗಸಕ್ಕೆ ಹಣ ಸಾಲದಿರುವಾಗ, "ಹಳೆಯದೊಂದು ಇದೆ, ಕೊಡುತ್ತೇನೆ" ಎಂದು ಯಾರಾದರೂ ಹೇಳಿದರೆ ಮನಸ್ಸು ಅತ್ತ ಹರಿಯುವುದು ಸಹಜ. ಹಳೆಯದೆಂಬ ಒಂದೇ ಕಾರಣಕ್ಕೆ ಬೇಡವೆನ್ನಬೇಕಾಗಿಲ್ಲ. ಗಟ್ಟಿಯಾಗಿ ತಯಾರಾದ ಗರಗಸಗಳು ನಲವತ್ತು ವರ್ಷವಾದರೂ ದುಡಿಯುವುದುಂಟು. ಆದರೆ ಎತ್ತನ್ನು ಕೊಳ್ಳುವಾಗ ಹಲ್ಲು ಎಣಿಸುವ ನಾವು, ಇಲ್ಲಿ ಬಣ್ಣ ನೋಡಿ ಮರುಳಾಗುತ್ತೇವೆ.

ಮೊದಲು ನೋಡತಕ್ಕದ್ದು ಎಂಜಿನನ್ನಲ್ಲ, ಚೈನ್ ಬ್ರೇಕನ್ನು. ಮುಂದಿನ ಹಿಡಿಯ ಎದುರಿಗೆ ಕೈಗೆ ಅಡ್ಡವಾಗಿ ಒಂದು ತಡೆ ಇರುತ್ತದೆ. ಅದನ್ನು ಮುಂದಕ್ಕೆ ತಳ್ಳಿದರೆ ಓಡುವ ಚೈನು ತಕ್ಷಣ ನಿಲ್ಲಬೇಕು. ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಾಕಿದರೆ ಗರಗಸ ಮೇಲಕ್ಕೆದ್ದು ಹಿಡಿದವನ ಮುಖದ ಕಡೆಗೆ ಒದೆಯುತ್ತದೆ. ಚೈನು ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುತ್ತಿರುವಾಗ, ಮನುಷ್ಯ ಎಚ್ಚೆತ್ತು ಕೈಬಿಡುವಷ್ಟು ವೇಳೆ ಅಲ್ಲಿ ಇರುವುದಿಲ್ಲ. ಜರ್ಮನಿಯ ಸ್ಟಿಲ್ ಮತ್ತು ಸ್ವೀಡನ್ನಿನ ಹಸ್ಕ್‌ವರ್ನಾ ಕಂಪನಿಗಳು ಈ ಬ್ರೇಕನ್ನು ತಂದದ್ದು 1972-73ರ ಸುಮಾರಿಗೆ. ಅದಕ್ಕೂ ಹಿಂದಿನ ಗರಗಸ ಎಷ್ಟೇ ಚೆನ್ನಾಗಿ ಓಡಲಿ, ಎಷ್ಟೇ ಅಗ್ಗವಾಗಿರಲಿ, ಕೆಲಸಕ್ಕೆಂದು ಕೊಳ್ಳಬೇಡಿ. ಬ್ರೇಕಿದ್ದೂ ಕೆಟ್ಟಿದ್ದರೆ, ಅದನ್ನು ಸರಿಮಾಡಿಸಿದ ಮೇಲೆಯೇ ಬೆಲೆಯ ಮಾತು. ಹಾಗೆಯೇ ಹಿಡಿಗಳಿಗೂ ಎಂಜಿನಿಗೂ ನಡುವೆ ರಬ್ಬರ್ ಇಲ್ಲವೆ ಸ್ಪ್ರಿಂಗ್ ಉಂಟೇ ನೋಡಿ. ಇಲ್ಲದಿದ್ದರೆ ನಡುಕವೆಲ್ಲ ಕೈಗೆ ಬಂದು, ಬಹುದಿನ ಕೆಲಸ ಮಾಡಿದವರ ಬೆರಳುಗಳು ಜೋಮು ಹಿಡಿದು ಬಿಳಿಚಿಕೊಳ್ಳುವುದುಂಟು.

ಇನ್ನು ಎಂಜಿನು. ಮಾರುವವರ ಮನೆಗೆ ಹೋದೊಡನೆ ಸಿಲಿಂಡರಿನ ಮೇಲೆ ಕೈಯಿಟ್ಟು ನೋಡಿ. ಬಿಸಿಯಾಗಿದ್ದರೆ ನೀವು ಬರುವ ಮೊದಲೇ ಓಡಿಸಿದ್ದಾರೆಂದು ತಿಳಿಯಿರಿ. ಸವೆದ ಎಂಜಿನು ಬಿಸಿಯಲ್ಲಿ ಒಂದು ರೀತಿ, ತಣ್ಣಗಿದ್ದಾಗ ಇನ್ನೊಂದು ರೀತಿ. ತಣಿಯುವವರೆಗೆ ಕಾಯುವುದೇ ಮೇಲು. ಅಷ್ಟರಲ್ಲಿ ಒಂದು ಲೋಟ ಕಾಫಿಯೂ ಆಗುತ್ತದೆ. ತಣಿದ ಮೇಲೆ, ಸ್ವಿಚ್ಚು ಆರಿಸಿ, ಸ್ಟಾರ್ಟರ್ ಹಗ್ಗದ ಹಿಡಿಯಿಂದ ಗರಗಸವನ್ನು ತೂಗಿಬಿಡಿ. ಅದು ತಡೆದು ತಡೆದು ಮೆಲ್ಲಗೆ ಇಳಿದರೆ ಒಳಗಿನ ಒತ್ತಡ ಚೆನ್ನಾಗಿದೆ. ಒಮ್ಮೆಗೇ ಸರ್ರನೆ ಇಳಿದರೆ ಪಿಸ್ಟನ್ ರಿಂಗು ಸವೆದಿರುವ ಸಂಭವ ಹೆಚ್ಚು. ಮೆಕ್ಯಾನಿಕ್ಕಿನ ಬಳಿ ಅಳತೆಯ ಗೇಜಿದ್ದರೆ 120 ಪೌಂಡಿಗಿಂತ ಮೇಲಿದ್ದರೆ ಒಳ್ಳೆಯದು, 100ಕ್ಕೂ ಕೆಳಗಿದ್ದರೆ ಬಿಟ್ಟುಬಿಡಿ.

ಇದಕ್ಕಿಂತಲೂ ನಂಬತಕ್ಕ ಪರೀಕ್ಷೆ ಇನ್ನೊಂದಿದೆ. ಸೈಲೆನ್ಸರಿನ ಎರಡು ಮೂರು ಬೋಲ್ಟು ಬಿಚ್ಚಿ, ಆ ರಂಧ್ರದಲ್ಲಿ ಟಾರ್ಚ್ ಬಿಟ್ಟು ಪಿಸ್ಟನ್ನನ್ನು ನೋಡಿ. ಮೈ ನುಣುಪಾಗಿ ಹೊಳೆಯಬೇಕು. ಮೇಲಿಂದ ಕೆಳಕ್ಕೆ ಗೀರು ಬಿದ್ದಿದ್ದರೆ, ಎಣ್ಣೆ ಸಾಲದೆ ಒಮ್ಮೆ ಸೀಜ್ ಆಗಿದೆಯೆಂದೇ ಅರ್ಥ. ಮತ್ತೆ ಪಿಸ್ಟನ್, ಸಿಲಿಂಡರ್ ಹಾಕಿಸುವ ಖರ್ಚಿನಲ್ಲಿ ಅಗ್ಗ ಕರಗಿಹೋಗುತ್ತದೆ. ಐದು ನಿಮಿಷದ ಕೆಲಸವಿದು. ಬಿಚ್ಚಲು ಮಾರುವವರು ಒಪ್ಪದಿದ್ದರೆ ನಮಸ್ಕಾರ ಹೇಳಿ ಹಿಂದಿರುಗಿ. ಸ್ಟಾರ್ಟರಿನ ಮುಚ್ಚಳ ತೆಗೆದು ಫ್ಲೈವೀಲನ್ನು ಮೇಲಕ್ಕೂ ಕೆಳಕ್ಕೂ ಅಲುಗಿಸಿಯೂ ನೋಡಿ. ಅಲುಗಿದರೆ ಬೇರಿಂಗು ಹೋಗಿದೆ. ಹಳೆಯವುಗಳ ಮೈ ಮೆಗ್ನೀಸಿಯಂ ಲೋಹದ್ದು. ಬಿರುಕು ಬಿಟ್ಟರೆ ನಮ್ಮ ಸಂತೆಯ ವೆಲ್ಡಿಂಗ್ ಅಂಗಡಿಯಲ್ಲಿ ಸರಿಹೋಗುವುದಲ್ಲ.

ಓಡಿಸಿದಾಗ, ಆಕ್ಸಿಲೇಟರ್ ಬಿಟ್ಟೊಡನೆ ಚೈನು ನಿಲ್ಲಬೇಕು. ಎಂಜಿನು ತಾನಾಗಿ ಜೋರಾಗುತ್ತ ಹೋದರೆ ಎಲ್ಲಿಯೋ ಗಾಳಿ ಒಳಸೇರುತ್ತಿದೆ. ಬಾರಿನ ತುದಿಯನ್ನು ಒಣ ಹಲಗೆಗೆ ತಾಗದಂತೆ ಒಂದು ಗೇಣು ಮೇಲೆ ಹಿಡಿದು ಅರ್ಧ ವೇಗದಲ್ಲಿ ಓಡಿಸಿ. ಹಲಗೆಯ ಮೇಲೆ ಎಣ್ಣೆಯ ಗೆರೆ ಬಿದ್ದರೆ ಆಯಿಲ್ ಪಂಪು ಸರಿಯಿದೆ. ನಮ್ಮ ವಲಯದಲ್ಲಿ ಒಬ್ಬರು ಇದೊಂದನ್ನು ನೋಡದೆ ತಂದರು. ಎಣ್ಣೆ ಬಾರದೆ ಬಾರು ಕಾದು ನೀಲಿಯಾಗಿ, ಮೂರನೆಯ ದಿನ ಚೈನು ಹರಿಯಿತು. ಹರಿದ ಚೈನನ್ನು ತಡೆಯುವ ಕೆಳಗಿನ ಚಿಕ್ಕ ಕೊಕ್ಕೆ ಮುರಿದುಹೋಗಿದ್ದುದನ್ನೂ ಯಾರೂ ಕಂಡಿರಲಿಲ್ಲ. ಬಲಗೈಯ ಎರಡು ಬೆರಳಿಗೆ ಹೊಲಿಗೆ ಬಿತ್ತು. ಅಡಿಕೆ ಕೊಯ್ಲಿನ ಕಾಲ ಅದು, ಎಷ್ಟು ಕಷ್ಟವಾಯಿತೆಂದು ಬೇರೆ ಹೇಳಬೇಕಾಗಿಲ್ಲ.

ಚೈನು, ಬಾರು ಈಗ ಸಿಗುತ್ತವೆಯೇ ಎಂಬುದನ್ನು ಪೇಟೆಯಲ್ಲಿ ಮೊದಲೇ ವಿಚಾರಿಸಿ. ಚೈನಿನ ಸಾಲಾಗಿರುವ ಮೂರು ರಿವೆಟ್ಟುಗಳ ನಡುವಣ ಅಂತರವನ್ನು ಅಳೆದು ಅರ್ಧ ಮಾಡಿದರೆ ಅದರ ಅಳತೆ ಬರುತ್ತದೆ. 3/8 ಅಂಗುಲ, 0.404 ಅಂಗುಲದವು ದೊರೆಯುತ್ತವೆ. ಬಹಳ ಹಳೆಯ ಗರಗಸಗಳ 7/16, 1/2 ಅಂಗುಲದವುಗಳಿಗೆ ಅಲೆಯಬೇಕಾದೀತು. ಹೆಸರಾಂತ ಮಾದರಿಗಳ ನಕಲುಗಳೂ ಇರುವುದರಿಂದ, ಮೈಮೇಲಿನ ನಂಬರನ್ನು ಬರೆದುಕೊಂಡು ಬಿಡಿಭಾಗದ ಅಂಗಡಿಯಲ್ಲಿ ತೋರಿಸಿ.

ಇಂಧನದ ವಿಷಯವನ್ನು ಹಳೆಯ ಮೆಕ್ಯಾನಿಕ್ಕುಗಳೂ ಕೆಲವೊಮ್ಮೆ ಮರೆಯುತ್ತಾರೆ. ಈಗ ಬಂಕಿನ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹಳೆಯ ರಬ್ಬರ್ ಪೈಪನ್ನೂ ಕಾರ್ಬೊರೇಟರಿನ ಪೊರೆಯನ್ನೂ ಕೆಡಿಸುತ್ತದೆ. ಆದ್ದರಿಂದ ಕೊಂಡೊಡನೆ ಇವೆರಡನ್ನೂ ಹೊಸದು ಹಾಕಿಸಿ. ಕೆಲಸ ಮುಗಿದ ಮೇಲೆ ಟ್ಯಾಂಕು ಬರಿದು ಮಾಡಿ, ತಾನಾಗಿ ನಿಲ್ಲುವವರೆಗೆ ಎಂಜಿನು ಓಡಿಸಿ ಇಡಿ. ಯಂತ್ರದ ಪುಸ್ತಕ 25ಕ್ಕೆ 1 ಎಂದಿದ್ದರೆ ಲೀಟರಿಗೆ 40 ಮಿಲಿಲೀಟರ್ 2ಟಿ ಎಣ್ಣೆ ಬೆರೆಸಬೇಕು. ಎಣ್ಣೆಯಲ್ಲಿ ಉಳಿತಾಯ ಮಾಡಿದವರ ಪಿಸ್ಟನ್ನುಗಳನ್ನೇ ನೀವು ಸೈಲೆನ್ಸರಿನ ರಂಧ್ರದಲ್ಲಿ ಕಾಣುವುದು.

ಬೆಲೆ ಮಾತಾಡುವಾಗ ಹೆಲ್ಮೆಟ್, ಮುಖದ ಜಾಲರಿ, ಕಾಲಿನ ರಕ್ಷಣೆಯ ಉಡುಪು, ಬೂಟು ಇವುಗಳ ಹಣವನ್ನೂ ಸೇರಿಸಿ ಲೆಕ್ಕ ಹಾಕಿ. ಇನ್ನು ನಿಂತ ಮರವನ್ನು ಕಡಿಯುವುದಾದರೆ 1976ರ ಕರ್ನಾಟಕ ಮರಗಳ ಸಂರಕ್ಷಣಾ ಅಧಿನಿಯಮದಂತೆ ಅನುಮತಿ ಬೇಕು. ಕೆಲವು ಜಾತಿಯ ಮರಗಳಿಗೆ ವಿನಾಯಿತಿ ಉಂಟು. ನಿಮ್ಮ ಮರ ಅದರಲ್ಲಿ ಸೇರಿದೆಯೇ ಎಂದು ವಲಯ ಅರಣ್ಯಾಧಿಕಾರಿಯವರ ಕಚೇರಿಯಲ್ಲಿ ಕೇಳಿಕೊಂಡು ಬನ್ನಿ.