ಸೂತ್ರ ಬಾಯಿಗೆ ಬಂದರೂ ಬಲ ಅರ್ಥವಾಗದು
ಬಲವೆಂದರೆ ದ್ರವ್ಯರಾಶಿ ಮತ್ತು ವೇಗೋತ್ಕರ್ಷಗಳ ಗುಣಲಬ್ಧ. ಒಂಬತ್ತನೆಯ ತರಗತಿಯ ಮಕ್ಕಳು ಇದನ್ನು ತಡವರಿಸದೆ ಒಪ್ಪಿಸುತ್ತಾರೆ. ಆದರೆ ಸಮವೇಗದಲ್ಲಿ ಸಾಗುವ ವಸ್ತುವಿನ ಮೇಲಿನ ನಿವ್ವಳ ಬಲವೆಷ್ಟು ಎಂದು ಕೇಳಿದರೆ ಹಲವರು ಎಡವುತ್ತಾರೆ.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ, ಅಂದರೆ ಶಾಂತಿಸಾಗರದ ದಡದಲ್ಲಿ ನಿಂತ ತೆಪ್ಪವೊಂದನ್ನು ಊಹಿಸಿಕೊಳ್ಳಿ. ಅಂಬಿಗನೂ ಸೇರಿ 100 ಕಿಲೋಗ್ರಾಂ. ನೀರಿನ ತಡೆಯನ್ನು ಬದಿಗಿಟ್ಟರೆ, 50 ನ್ಯೂಟನ್ ಬಲದ ನೂಕಿಗೆ ಅದರ ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ ಅರ್ಧ ಮೀಟರಿನಷ್ಟು ಹೆಚ್ಚುತ್ತದೆ. ಮೀನಿನ ಬುಟ್ಟಿಗಳು ಸೇರಿ 200 ಕಿಲೋಗ್ರಾಂ ಆದರೆ ಹೆಚ್ಚಳ ಕಾಲು ಮೀಟರಿಗೆ ಇಳಿಯುತ್ತದೆ.

ಇಷ್ಟು ಸುಲಭ. ತೊಡಕಿರುವುದು ನಡುಗೆರೆಯಲ್ಲಿ. ಅಲ್ಲಿ ಹುಟ್ಟು ಹಾಕುತ್ತಲೇ ಇದ್ದರೂ ವೇಗ ಏರುವುದಿಲ್ಲ. ಹುಟ್ಟಿನ ಬಲವನ್ನು ನೀರಿನ ತಡೆ ಸರಿದೂಗಿಸಿರುತ್ತದೆ, ನಿವ್ವಳ ಬಲ ಸೊನ್ನೆ. ನ್ಯೂಟನ್ 1687ರಲ್ಲಿ ಪ್ರಕಟಿಸಿದ ಎರಡನೆಯ ನಿಯಮ ಬಲವನ್ನು ಜೋಡಿಸುವುದು ವೇಗದೊಂದಿಗಲ್ಲ, ವೇಗದ ಬದಲಾವಣೆಯೊಂದಿಗೆ. ಹುಟ್ಟನ್ನು ಮೇಲೆತ್ತಿದರೂ ತೆಪ್ಪ ಥಟ್ಟನೆ ನಿಲ್ಲದೆ, ನಿಧಾನವಾಗುತ್ತ ಇನ್ನಷ್ಟು ದೂರ ಸಾಗುತ್ತದೆ.