ಬೆಂಗಳೂರಿನ ಹಳೆಯ ಪೇಟೆಯ ಬೀದಿಗಳು

ಕೈವಾರ, ಚಿಂತಾಮಣಿಗಳ ಕಡೆಯ ಗೃಹಸ್ಥರಿಗೆ ಮನೆಯಲ್ಲಿ ವಿವಾಹವು ನಿಶ್ಚಯವಾದೊಡನೆ ಬೆಂಗಳೂರಿನ ಚಿಕ್ಕಪೇಟೆಯ ಸ್ಮರಣೆ ಬರುವುದು ಸಹಜ. ಸೀರೆ, ಪಂಚೆ, ಪಾತ್ರೆ, ಒಡವೆಗಳಿಗಾಗಿ ತಲೆತಲಾಂತರದಿಂದ ನಾವೆಲ್ಲರೂ ಅಲ್ಲಿಗೆ ಹೋಗಿಬರುತ್ತಿರುವೆವು. ಆದರೆ ಅಂಗಡಿಯೊಳಗೆ ಹರಡಿದ ಜವಳಿಯನ್ನು ನೋಡುವಷ್ಟು ಶ್ರದ್ಧೆಯಿಂದ ಆ ಅಂಗಡಿಯಿರುವ ಬೀದಿಯನ್ನು ನೋಡುವವರು ವಿರಳ. ಆ ಬೀದಿಯೂ ನೋಡತಕ್ಕುದೇ ಎಂದು ವಾಚಕ ಮಹಾಶಯರಲ್ಲಿ ಅರಿಕೆ ಮಾಡುವುದೇ ಈ ಲೇಖನದ ಉದ್ದೇಶ.

ಯಲಹಂಕದ ನಾಡಪ್ರಭು ಕೆಂಪೇಗೌಡನು 1537ರಲ್ಲಿ ಈ ಪಟ್ಟಣವನ್ನು ಕಟ್ಟಿಸಿದನೆಂಬುದು ಪ್ರಸಿದ್ಧವಾಗಿದೆ. ಶುಭಮುಹೂರ್ತದಲ್ಲಿ ಒಂದೇ ಸ್ಥಳದಿಂದ ನಾಲ್ಕು ದಿಕ್ಕುಗಳಿಗೆ ನಾಲ್ಕು ನೇಗಿಲುಗಳನ್ನು ಹೂಡಿಸಿದನೆಂದೂ, ಆ ನೇಗಿಲ ಸಾಲುಗಳೇ ಬೀದಿಗಳಾದುವೆಂದೂ ಐತಿಹ್ಯವುಂಟು. ಉತ್ತರ ದಕ್ಷಿಣವಾಗಿ ದೊಡ್ಡಪೇಟೆ, ಪೂರ್ವ ಪಶ್ಚಿಮವಾಗಿ ಚಿಕ್ಕಪೇಟೆ; ಇವೆರಡೂ ಕೂಡುವ ಚೌಕವು ಇಂದಿಗೂ ಕಣ್ಣೆದುರಿಗಿದೆ. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಪೂರ್ವ ಪಶ್ಚಿಮವಾಗಿ ಮೂರು, ದಕ್ಷಿಣೋತ್ತರವಾಗಿ ಮೂರು ರಾಜಮಾರ್ಗಗಳನ್ನು ವಿಧಿಸಿ, ಬೇರೆ ಬೇರೆ ವೃತ್ತಿಯವರಿಗೆ ಬೇರೆ ಬೇರೆ ಎಡೆಗಳನ್ನು ಹೇಳಿರುವನು. ಕೆಂಪೇಗೌಡನ ಪೇಟೆಯು ಅಷ್ಟು ವಿಸ್ತಾರವಾದುದಲ್ಲವಾದರೂ ವೃತ್ತಿಗೊಂದು ಕೇರಿಯೆಂಬ ನ್ಯಾಯವು ಅಲ್ಲಿಯೂ ನಡೆದಿದ್ದಿತು.

ಹೆಸರುಗಳನ್ನೇ ಓದಿ ನೋಡಿರಿ. ಅಕ್ಕಿಪೇಟೆಯಲ್ಲಿ ಅಕ್ಕಿ, ಅರಳೆಪೇಟೆಯಲ್ಲಿ ಹತ್ತಿ, ತರಗುಪೇಟೆಯಲ್ಲಿ ಧಾನ್ಯದ ಸಗಟು ವ್ಯಾಪಾರ. ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆಗಳು ಆಯಾ ಕಸುಬಿನವರವು. ನಗರ್ತಪೇಟೆಯು ನಗರ್ತ ವರ್ತಕರದು. ಬಳೆಪೇಟೆಯೆಂಬ ಹೆಸರಾದರೋ ನಮ್ಮೂರಿನವರ ಕಿವಿಗೆ ವಿಶೇಷವಾಗಿ ಇಂಪಾಗಿರುವುದು. ಕೈವಾರದ ಯೋಗಿ ನಾರೇಯಣ ತಾತಯ್ಯನವರು ಬಳೆ ಮಾರಿ ಬಾಳಿದವರಷ್ಟೆ.

ಈ ಬೀದಿಗಳು ಸುಖವನ್ನು ಮಾತ್ರವೇ ಕಂಡುವಲ್ಲ. 1791ರ ಮಾರ್ಚಿ 7ರಂದು ಕಾರ್ನ್‌ವಾಲಿಸನ ಸೈನ್ಯವು ಹಲಸೂರು ಬಾಗಿಲನ್ನು ಭೇದಿಸಿ ಪೇಟೆಯನ್ನು ಹಿಡಿದಿತು. ಎರಡು ವಾರಗಳ ತರುವಾಯ ಕೋಟೆಯೂ ಬಿದ್ದಿತು. ಟಿಪ್ಪುವಿನ ಮರಣಾನಂತರ, 1800ರಲ್ಲಿ ಬಂದ ಬುಕಾನನನು ಇಲ್ಲಿಯ ನೇಕಾರರ ಮತ್ತು ವರ್ತಕರ ವ್ಯವಹಾರವನ್ನು ವಿವರವಾಗಿ ಬರೆದಿಟ್ಟಿರುವನು. 1898ರ ಪ್ಲೇಗು ಮಾರಿಗೆ ಹೆದರಿ ಅನೇಕ ಕುಟುಂಬಗಳು ಪೇಟೆಯನ್ನು ಬಿಟ್ಟು ಮಲ್ಲೇಶ್ವರ, ಬಸವನಗುಡಿಗಳನ್ನು ಸೇರಿದುವು. 1905ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯಿಂದ ದೀಪಗಳು ಬೆಳಗಿದುವು. ಸಿದ್ದಿಕಟ್ಟೆಯಿದ್ದ ಸ್ಥಳದಲ್ಲಿ 1921ರಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ ಎದ್ದಿತು.

ಹಳೆಯ ವರ್ತಕನ ಮನೆಯ ಕ್ರಮವೇ ಬೇರೆ. ಬೀದಿಗೆ ಕಿರಿದಾದ ಮೊಗ, ಒಳಗೆ ಉದ್ದವಾದ ನಿವೇಶನ. ಮುಂದೆ ಜಗಲಿ, ಅದರ ಹಿಂದೆ ಅಂಗಡಿ, ಒಳಗೆ ಗಾಳಿ ಬೆಳಕಿಗಾಗಿ ತೊಟ್ಟಿ, ಮೇಲೆ ಸಂಸಾರದ ವಾಸ. ಕೆತ್ತನೆಯ ಮರದ ಕಂಬಗಳೂ, ಹಲಗೆಯ ಬಾಗಿಲುಗಳೂ ಅದಕ್ಕೆ ಅಲಂಕಾರ. ಬೀದಿ ಕಿರಿದಾಗಿದ್ದುದರಿಂದ ಎರಡು ಕಡೆಯ ಗೋಡೆಗಳ ನೆರಳು ಗಿರಾಕಿಗೆ ಆಶ್ರಯವಾಗುತ್ತಿದ್ದಿತು. ಯಜಮಾನನು ಮೇಲೆಯೇ ವಾಸವಾಗಿದ್ದುದರಿಂದ ಬೀದಿಗೆ ರಾತ್ರಿಯಲ್ಲಿಯೂ ಕಾವಲಿದ್ದಿತು.

ಈಗ ಅಂತಹ ಮನೆಗಳು ಒಂದೊಂದಾಗಿ ಬಿದ್ದು ಕಾಂಕ್ರೀಟಿನ ಮಳಿಗೆಗಳು ಏಳುತ್ತಿರುವುವು. ಉಳಿದಿರುವ ಕೋಟೆಗೂ ಟಿಪ್ಪುವಿನ ಅರಮನೆಗೂ ಪ್ರಾಚ್ಯವಸ್ತು ಇಲಾಖೆಯ ರಕ್ಷಣೆ ಉಂಟು. ಅಂಗಡಿಮನೆಗಳಲ್ಲಿ ಬಹುಭಾಗಕ್ಕೆ ಅಂತಹ ರಕ್ಷಣೆಯಿಲ್ಲ. ಒಡೆಯರನ್ನು ದೂಷಿಸುವುದು ಸುಲಭ. ಆದರೆ ಅಣ್ಣತಮ್ಮಂದಿರೊಳಗೆ ಪಾಲಾಗಿ ಹೋದ ಮನೆಯನ್ನು ದುರಸ್ತಿ ಮಾಡಿಸುವ ವೆಚ್ಚವನ್ನು ಹೊರುವವರಾರು? ಆ ಪ್ರಶ್ನೆಗೆ ಉತ್ತರ ಕೊಡದೆ ಉಪದೇಶ ಮಾಡುವುದು ನ್ಯಾಯವಲ್ಲ. ಕಂದಾಯದಲ್ಲಿ ರಿಯಾಯಿತಿಯನ್ನೂ ದುರಸ್ತಿಗೆ ಸಹಾಯದ್ರವ್ಯವನ್ನೂ ಕೊಟ್ಟರೆ ಕೆಲವರಾದರೂ ಮನೆಗಳನ್ನು ಉಳಿಸಿಕೊಂಡಾರೆಂದು ನಮಗೆ ತೋರುವುದು.

ಕಟ್ಟಡವು ಹೋದರೂ ಹೆಸರುಳಿಯುವುದೆಂಬ ಸಮಾಧಾನವೊಂದಿದೆ. ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋದರೂ ಜನರಿಗೆ ಅದು ಮೈಸೂರು ಬ್ಯಾಂಕು ವೃತ್ತವೇ. ಅದೇ ವರ್ಷ ನೆಲದಡಿಯಲ್ಲಿ ತೆರೆದ ಮೆಟ್ರೋ ನಿಲ್ದಾಣಕ್ಕೂ ಚಿಕ್ಕಪೇಟೆಯೆಂದೇ ಹೆಸರು. ಆದರೆ ಹೆಸರಿಗೂ ಅಪಾಯವಿಲ್ಲದಿಲ್ಲ. ಆಂಗ್ಲರ ಕಾಲದಲ್ಲಿ ಅವೆನ್ಯೂ ರಸ್ತೆಯಾದ ದೊಡ್ಡಪೇಟೆಯನ್ನು ಇಂದು ಆ ಹೆಸರಿನಿಂದ ಕರೆಯುವವರೆಷ್ಟು ಮಂದಿ?

ಆದುದರಿಂದ ಮುಂದೆ ಜವಳಿಗೆಂದು ಹೋಗುವ ಗೃಹಸ್ಥರು ಮಕ್ಕಳನ್ನೂ ಕರೆದೊಯ್ದು, ಮಳಿಗೆಯ ಫಲಕದ ಮೇಲಕ್ಕೆ ತಲೆಯೆತ್ತಿ ಹಳೆಯ ಉಪ್ಪರಿಗೆಯನ್ನು ತೋರಿಸಲಿ. ಒಂದೊಂದು ಪೇಟೆಯ ಹೆಸರಿಗೂ ಅರ್ಥವನ್ನು ಹೇಳಲಿ. ತಮ್ಮ ಸ್ವಂತ ಹಳೆಯ ಮನೆಯನ್ನು ಕೆಡವಲೇಬೇಕಾಗಿ ಬಂದವರು ಅದರ ಚಿತ್ರವನ್ನು ತೆಗೆಸಿ, ಪತ್ರಗಳನ್ನು ಜೋಪಾನ ಮಾಡಿ, ತಲಬಾಗಿಲನ್ನಾದರೂ ಹೊಸ ಮನೆಗೆ ಇಟ್ಟುಕೊಳ್ಳಲಿ. ಇಷ್ಟು ಮಾಡುವುದಕ್ಕೆ ಸರಕಾರದ ಅಪ್ಪಣೆಯೇನೂ ಬೇಕಾಗಿಲ್ಲ.