ಸೋಸಿದರೆ ಹೊಸದಾಗುತ್ತದೆಯೇ?

ದಾವಣಗೆರೆಯಲ್ಲಿ ಸಂಜೆಯಾಯಿತೆಂದರೆ ಮಂಡಕ್ಕಿ–ಮಿರ್ಚಿ ಅಂಗಡಿಗಳ ಮುಂದೆ ಜನವೋ ಜನ. ನನ್ನ ಸೋದರಮಾವನದೂ ಅಂಥದ್ದೇ ಅಂಗಡಿ. ಬಿ.ಇ. ಮೆಕ್ಯಾನಿಕಲ್ ಓದುತ್ತಿರುವ ನನಗೆ ಬಿಸಿನೆಸ್ ಐಡಿಯಾ ಹೊಳೆದದ್ದು ಅಲ್ಲೇ, ಮಿರ್ಚಿ ತಿನ್ನುತ್ತಾ.

ಅಂಗಡಿ ಮುಚ್ಚುವ ಹೊತ್ತಿಗೆ ಬಾಣಲೆಯ ತಳದಲ್ಲಿ ಕಡ್ಲೆಹಿಟ್ಟಿನ ಚೂರುಗಳು ಸೀದು ಕೂತಿರುತ್ತವೆ. ಮರುದಿನ ಕಾಯಿಸಿದಾಗ ಅವು ಮತ್ತಷ್ಟು ಸೀದು ಎಣ್ಣೆಯನ್ನು ಬೇಗ ಕೆಡಿಸುತ್ತವೆ. ದಿನಾ ರಾತ್ರಿ ಹೋಗಿ ಎಣ್ಣೆ ಸೋಸಿಕೊಟ್ಟರೆ? ಅಂಗಡಿಯವರಿಗೆ ಉಳಿತಾಯ, ನಮಗೆ ಸಂಪಾದನೆ!

ಗೆಳೆಯನೊಬ್ಬನ ಜೊತೆ ಸೇರಿ ಸ್ಟೀಲ್ ಡ್ರಮ್, ಪಂಪು, ಜರಡಿ, ಫಿಲ್ಟರ್ ಪೇಪರ್ ಜೋಡಿಸಿದೆ. ಮೊದಲ ಪ್ರಯೋಗ ಮಾವನ ಅಂಗಡಿಯಲ್ಲೇ. ಕಪ್ಪು ಎಣ್ಣೆ ತುಸು ತಿಳಿಯಾಗಿ ಬಂದಾಗ ಮಾವ ಬೆನ್ನು ತಟ್ಟಿ, ‘ಹೊಸಾ ಎಣ್ಣೆನೇ ಆತಲ್ಲೋ!’ ಎಂದರು.

ಆಗಿರಲಿಲ್ಲ. ಎಣ್ಣೆ ಪದೇ ಪದೇ ಕಾದಾಗ ‘ಪೋಲಾರ್ ಸಂಯುಕ್ತ’ಗಳು ಹೆಚ್ಚುತ್ತವೆ. ಅವು ಶೇ 25 ದಾಟಿದರೆ ಆ ಎಣ್ಣೆ ಬಳಸುವಂತಿಲ್ಲ ಎಂಬ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈ 1ರಿಂದಲೇ ಜಾರಿಯಲ್ಲಿದೆ. ಎರವಲು ತಂದ ಮೀಟರನ್ನು ಬಿಸಿ ಎಣ್ಣೆಯಲ್ಲಿ ಅದ್ದಿದ್ದೆ. ಸೋಸುವ ಮುಂಚೆ 29. ಸೋಸಿದ ಮೇಲೂ 29! ಫಿಲ್ಟರ್ ಹಿಡಿದದ್ದು ಚೂರುಗಳನ್ನು ಮಾತ್ರ. ಎಣ್ಣೆಯಲ್ಲಿ ಬೆರೆತದ್ದು ಅಲ್ಲೇ ಇತ್ತು.

ಹೇಳಲೋ ಬೇಡವೋ? ನನ್ನ ಕಾಲೇಜು ಫೀಸಿನಲ್ಲಿ ಮಾವನ ಪಾಲೂ ಇದೆ. ಅಳುಕುತ್ತಲೇ ಹೇಳಿದೆ. ‘ಬಣ್ಣ ತಿಳಿಯಾಗೈತಲ್ಲ, ಗಿರಾಕಿಗೇನು ಗೊತ್ತಾಗ್ತತಿ?’ ಎಂದು ಸಿಡುಕಿದರು. ‘ಗೊತ್ತಾಗಲ್ಲ ಮಾವ, ಅದೇ ಭಯ’ ಎಂದೆ. ಎರಡು ದಿನ ಮಾತೇ ಇಲ್ಲ. ಮೂರನೇ ದಿನ ಅವರೇ ಫೋನ್ ಮಾಡಿದರು: ‘ಇವತ್ತು ಹೊಸಾ ಎಣ್ಣೆ ಹಾಕೀನಿ. ರಾತ್ರಿ ನಿನ್ನ ಡ್ರಮ್ ತಗಂಡ್ ಬಾ.’ ಹಳೆಯದನ್ನು ಬಯೋಡೀಸೆಲ್‌ಗಾಗಿ ಕೊಳ್ಳುವವರಿಗೆ ಕೊಟ್ಟಿದ್ದರು.

ಮೊದಲ ದಿನದಿಂದಲೇ ಸೋಸಿದರೆ ಎಣ್ಣೆ ಹೆಚ್ಚು ದಿನ ಬಾಳುತ್ತದೆ. ಕೆಟ್ಟ ಮೇಲೆ ಸೋಸುವುದು ಬರೀ ಕಣ್ಕಟ್ಟು. ಈಗ ನಮ್ಮದು ಮೂರೇ ಅಂಗಡಿಗಳ ಪುಟ್ಟ ವ್ಯವಹಾರ. ‘ಬಣ್ಣ ತಿಳಿ ಮಾಡಿಕೊಡು ಸಾಕು’ ಎಂದ ಇಬ್ಬರಿಗೆ ಆಗುವುದಿಲ್ಲ ಎಂದಿದ್ದೇವೆ. ಬಂದ ಗಿರಾಕಿಯನ್ನು ಕಳಿಸುವಾಗ ಹೊಟ್ಟೆ ಉರಿದದ್ದು ನಿಜ. ಆದರೆ ಆ ಅಂಗಡಿಗಳ ಮುಂದೆ ಸಂಜೆ ಕೈಯೊಡ್ಡಿ ನಿಲ್ಲುವವರಲ್ಲಿ ನನ್ನ ಗೆಳೆಯರೂ ಇರುತ್ತಾರಲ್ಲ!